ಮಗಳು ಹೇಗೆ ಅಳುತ್ತಾಳೆ, ಬರೆ

ರೆಕಾಂಗ್ ಪಿಯೊ ಹತ್ತಿರ, ಕಿನ್ನೌರ್
20 ಜನವರಿ 2025

ಅವ್ವ,

ಫೋನಿನಲ್ಲಿ ನಿನ್ನ ಹತ್ತಿರ ಮಾತಾಡಿ ಸಾಕಾಯಿತು, ಅದಕ್ಕೇ ಈ ಕಾಗದ. ಮೊನ್ನೆ "ಇಲ್ಲಿ ವಿಪರೀತ ಚಳಿ ಕಣವ್ವ" ಅಂದರೆ "ಆಯ್ತು ಬುಡು" ಅಂದೆ. "ಯಾವಾಗ ಬತ್ತೀಯ" ಅಂದರೆ ಅದಕ್ಕೂ "ಆಯ್ತು ಬುಡು". ಮನೆಗೆ ಬೆಂಕಿ ಬಿದ್ದಿದೆ ಅಂದಿದ್ದರೂ ಅದನ್ನೇ ಅನ್ನುತ್ತಿದ್ದೆಯೇನೋ. ಆಮೇಲೆ ಫೋನು ಪ್ರಿಯಾ ಅತ್ತಿಗೆಯ ಕೈಗೆ ಹೋಯಿತು. ಕಾಗದವಾದರೆ ಹಾಗೆ ಅರ್ಧಕ್ಕೆ ದಾಟಿಸಲು ಬರುವುದಿಲ್ಲ. ಏಳನೇ ಕ್ಲಾಸಿನಲ್ಲಿ ಕನ್ನಡಕ್ಕೆ ಇಡೀ ಸ್ಕೂಲಿಗೆ ಫಸ್ಟ್ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುತ್ತೀಯಲ್ಲ, ಈಗ ಕೂತು ಓದು.

ಬಿಳಿಕೆರೆಯಲ್ಲಿ ಮಾಗಿ ಚಳಿ ಎಂದರೆ ಬಿಸಿಲು ಬರುವತನಕ. ಇಲ್ಲಿ ಬಿಸಿಲು ಬಂದ ದಿನವೇ ಚಳಿ ಜಾಸ್ತಿ. ಕೊಬ್ಬರಿ ಎಣ್ಣೆ ಕಲ್ಲಾಗಿದೆ, ಚಮಚದಲ್ಲಿ ಕೆರೆದು ತಲೆಗೆ ಹಚ್ಚಿಕೊಳ್ಳಬೇಕು. ಯತೀಶರ ಪ್ಯಾಂಟು ಒಗೆದು ತಂತಿಗೆ ಹಾಕಿದ್ದೆ. ಸಂಜೆ ತೆಗೆಯಲು ಹೋದರೆ ಹಲಗೆಯ ಹಾಗೆ ಸೆಟೆದುಕೊಂಡಿತ್ತು. ತಂದು ಗೋಡೆಗೆ ಒರಗಿಸಿ ನಿಲ್ಲಿಸಿದೆ. ನಿನ್ನ ಅಳಿಯ ಸುರಂಗದ ಕೆಲಸ ಮುಗಿಸಿ ಬಂದವರು ಬಾಗಿಲಲ್ಲೇ ನಿಂತು "ಯಾರಮ್ಮೀ ಅದು ಬಂದಿರಾದು" ಅಂದರು. ಇಬ್ಬರೂ ತುಂಬಾ ನಕ್ಕೆವು.

ಹಿಮ ಬೀಳುವಾಗ ಸದ್ದೇ ಆಗುವುದಿಲ್ಲ ಅವ್ವ. ಮಳೆ ಎಂದರೆ ಹೆಂಚಿನ ಮೇಲೆ ಹೇಳಿಕೊಂಡು ಬರಬೇಕಲ್ಲವಾ? ಇದು ಕಳ್ಳನ ಹಾಗೆ ಬಂದು ಎಲ್ಲವನ್ನೂ ಮುಚ್ಚಿಹಾಕಿ ಕೂತಿರುತ್ತದೆ. ಕೆಳಗಿನ ಮನೆಯಲ್ಲಿ ನಮ್ಮ ಓನರ್ ರತನಮಣಿ ಎಂಬುವರಿದ್ದಾರೆ, ನಿನ್ನ ವಯಸ್ಸು, ಸೇಬಿನ ತೋಟದವರು. ನಾನು ಅವರನ್ನು ಮಣಿಯಮ್ಮ ಅನ್ನುತ್ತೇನೆ. ಅವರ ಹಿಂದಿ ನನಗೆ ಅರ್ಧ ಅರ್ಥವಾಗುತ್ತದೆ, ನನ್ನ ಹಿಂದಿ ಅವರಿಗೆ ಅಷ್ಟೂ ಇಲ್ಲ.

ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಿತ್ತು. ಪ್ರಯಾಣ ಬೇಡವೇ ಬೇಡ ಎಂದು ಡಾಕ್ಟರು ಹೇಳಿದ ದಿನ ನಾನು ಅತ್ತಾಗ, "ನೀನು ತವರಿಗೆ ಬರಕ್ಕಾಗ್ದಿದ್ರೆ ತವರೇ ನಿನ್ನತ್ರ ಬತ್ತದೆ" ಅಂದವಳು ನೀನು. ಫೆಬ್ರವರಿ ಎರಡನೇ ವಾರ ಅಂತ ದಿನ ಕೊಟ್ಟಿದ್ದಾರೆ. ಕಿರಣಣ್ಣನಿಗೆ ಹೇಳಿ ಟಿಕೆಟ್ ಮಾಡಿಸು. ಭಯ ಆಗುತ್ತಿದೆ ಅವ್ವ, ಬೇಗ ಬಾ.

ನಿನ್ನ
ಸುಕನ್ಯ


ಬಿಳಿಕೆರೆ
30 ಜನವರಿ 2025

ಮಗಳೇ ಸುಕನ್ಯ,

ಕಾಗದ ಬಂತು. ಬ್ಯಾಂಕಿನವರನ್ನು ಬಿಟ್ಟರೆ ಈ ಮನೆಗೆ ಕಾಗದ ಬರೆದವಳು ನೀನೇ ಎಂದು ಪೋಸ್ಟಿನವನು ನಗುತ್ತಾ ಕೊಟ್ಟ. ಪ್ಯಾಂಟು ಎದ್ದು ನಿಂತದ್ದನ್ನು ಓದಿ ನಾನೂ ನಕ್ಕೆ. ಚಂದುಗೂ ಓದಿ ಹೇಳಿದೆ. ಅವನು ಸ್ಕೂಲಿಗೆ ಹೋಗಿ, ನಮ್ಮ ಮಾವನ ಪ್ಯಾಂಟು ನಡೆಯುತ್ತದೆ ಅಂತ ಸೇರಿಸಿ ಹೇಳಿದ್ದಾನಂತೆ.

ನಾನು ಬರುವ ವಿಷಯ. ಹೊಗೆಸೊಪ್ಪಿನ ಗ್ರೇಡಿಂಗ್ ಅರ್ಧದಲ್ಲಿದೆ. ಎಲೆ ಎಲೆ ನೋಡಿ ಬಣ್ಣ ಬೇರೆ ಮಾಡಬೇಕು, ಪ್ರಿಯಾ ಒಬ್ಬಳ ಕೈಲಿ ಆಗುವುದಿಲ್ಲ, ಮಾರ್ಕೆಟ್ಟು ಮುಗಿಯುವವರೆಗೆ ಕಿರಣನಿಗೆ ಉಸಿರು ಬಿಡಲೂ ಪುರಸೊತ್ತಿಲ್ಲ. ಈಗ ನಾನು ಎದ್ದು ಬಂದರೆ ಮನೆ ನಿಂತುಹೋಗುತ್ತದೆ. ಬೇಜಾರು ಮಾಡಿಕೊಳ್ಳಬೇಡ. ನನ್ನ ಬದಲು ಪಾರ್ಸೆಲ್ ಕಳಿಸಿದ್ದೇನೆ. ರಾಗಿ ಹಿಟ್ಟು, ಬಾಣಂತಿ ಖಾರ, ಬಜೆ, ಸಾಂಬ್ರಾಣಿ, ನನ್ನ ಹಳೇ ಹತ್ತಿ ಸೀರೆಗಳು. ಸೀರೆ ಹರಿದು ಮಗುವಿಗೆ ಬಟ್ಟೆ ಮಾಡು, ಹೊಸಾ ಬಟ್ಟೆ ಚುಚ್ಚುತ್ತದೆ.

ಇನ್ನು ನಾನು ಹೇಳುವುದನ್ನು ಅಕ್ಷರ ಬಿಡದೆ ಮಾಡು. ಹೆರಿಗೆಯಾಗಿ ಮನೆಗೆ ಬಂದ ಮೇಲೆ ಬಿಸಿ ಬಿಸಿ ನೀರು ಹಾಕಿಕೊಂಡು ಮಲಗಬೇಕು. ಮಲಗುವ ಮುಂಚೆ ಮಂಚದ ಕೆಳಗೆ ಬಾಂಡ್ಲಿಯಲ್ಲಿ ಕೆಂಡ ಇಟ್ಟು, ಮೇಲೆ ಸಾಂಬ್ರಾಣಿ ಹಾಕು. ಕಿಟಕಿ ಬಾಗಿಲು ಭದ್ರವಾಗಿ ಮುಚ್ಚು. ಸಂದಿ ಇದ್ದರೆ ಸೀರೆ ತುರುಕು. ಸೂಜಿ ತೂರುವಷ್ಟು ಗಾಳಿ ಬಂದರೂ ಬಾಣಂತಿಗೆ ಶೀತ, ಅದು ಹಾಲಿಗೆ ಇಳಿದು ಮಗುವಿಗೆ ಬರುತ್ತದೆ. ಕಿವಿಗೆ ಹತ್ತಿ ಮರೆಯಬೇಡ. ತೊಟ್ಟಿಲನ್ನು ಮಾತ್ರ ಬಾಗಿಲ ಹತ್ತಿರ ಕಟ್ಟಬೇಡ. ನಮ್ಮೂರ ಚಳಿಗೇ ಇಷ್ಟೆಲ್ಲ ಮಾಡಿ ನಿಮ್ಮಿಬ್ಬರನ್ನೂ ಗುಂಡುಕಲ್ಲಿನ ಹಾಗೆ ಬೆಳೆಸಿದ್ದೇನೆ. ಎಣ್ಣೆ ಕಲ್ಲಾಗುವ ಊರಲ್ಲಿ ಇದರ ಎರಡರಷ್ಟು ಮಾಡಬೇಕು.

ಇನ್ನೇನು ಶಿವರಾತ್ರಿ ಬಂತು. ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ. ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡಿರು.

ನಿನ್ನ ಅವ್ವ
ರುಕ್ಮಿಣಮ್ಮ


ಕಿನ್ನೌರ್
16 ಫೆಬ್ರವರಿ 2025

ಅವ್ವ,

ಹನ್ನೆರಡನೇ ತಾರೀಕು ಬೆಳಗ್ಗೆ ಹೆಣ್ಣು ಮಗು. ಇಬ್ಬರೂ ಆರೋಗ್ಯ. ಇಷ್ಟು ಹೊತ್ತಿಗೆ ಕಿರಣಣ್ಣ ಹೇಳಿರುತ್ತಾನೆ.

ಪಾರ್ಸೆಲ್ ಹನ್ನೊಂದಕ್ಕೆ ಬಂತು, ನೋವು ಶುರುವಾದ ಸಂಜೆ. ಯತೀಶರು ಚೀಲ ಹೊತ್ತುಕೊಂಡು ಮೆಟ್ಟಿಲು ಹತ್ತುವ ಸದ್ದು ಕೇಳಿ, ಹಿಂದೆ ನೀನೂ ಇದ್ದೀಯ ಅಂದುಕೊಂಡು ಎದ್ದು ಕೂತಿದ್ದೆ. ಚೀಲ ಬಿಚ್ಚಿದರೆ ನಿನ್ನ ಸೀರೆ ಇತ್ತು. ನಿನ್ನ ವಾಸನೆಯೂ ಇತ್ತು. ನೀನು ಇರಲಿಲ್ಲ.

ಆಸ್ಪತ್ರೆಯಲ್ಲಿ ಎಲ್ಲರ ಪಕ್ಕ ಅವರವರ ತಾಯಂದಿರಿದ್ದರು. ನನ್ನ ಪಕ್ಕ ಮಣಿಯಮ್ಮ ಇದ್ದರು, ಬಾಡಿಗೆ ಮನೆಯವರು. ಕೈ ಹಿಡಿದುಕೊಂಡು ಅವರ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದರು. ಒಂದಕ್ಷರ ಅರ್ಥವಾಗದಿದ್ದರೂ ಕೈ ಬೆಚ್ಚಗಿತ್ತು.

ಹೊಗೆಸೊಪ್ಪು ಚೆನ್ನಾಗಿ ಗ್ರೇಡ್ ಆಯಿತಾ? ಒಳ್ಳೆ ಬಣ್ಣ ಬಂದಿರಬೇಕು.

ಸುಕನ್ಯ


ಬಿಳಿಕೆರೆ
25 ಫೆಬ್ರವರಿ 2025

ಚಿನ್ನದಂಥ ಮಗಳೇ,

ಹೊಗೆಸೊಪ್ಪಿನ ಬಣ್ಣ ಕೇಳಿದ್ದೀಯ. ಬೈದಿದ್ದೀಯ ಅಂತ ಗೊತ್ತಾಗದಷ್ಟು ದಡ್ಡಿಯಲ್ಲ ನಾನು. ಬೈಯಿ. ಬೈಯುವಷ್ಟು ಶಕ್ತಿ ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಫೋಟೋ ನೋಡಿದೆ. ಮೂಗು ನಮ್ಮ ಕಡೆಯದು, ಹಣೆ ಯತೀಶನದು. ಕಿರಣ ಮೊನ್ನೆ ಫೋನಿನಲ್ಲಿ ಮಗು ಅಳುವುದನ್ನು ಹಾಕಿದ. ಪ್ರಿಯಾ, ಚಂದು, ಪಕ್ಕದ ಮನೆ ಸುಂದ್ರಮ್ಮ ಎಲ್ಲಾ ಸುತ್ತ ಕೂತು ಕೇಳಿ ನಕ್ಕರು, ನಾನೂ ನಕ್ಕೆ. ಆದರೂ ನಿನ್ನ ಕೈಯಲ್ಲಿ ಒಂದು ಸಲ ಬರೆದು ಕಳಿಸು, ಮಗಳು ಹೇಗೆ ಅಳುತ್ತಾಳೆ? ಗಟ್ಟಿಯಾಗಾ, ಕುಯ್ಯಿಗುಟ್ಟುತ್ತಾ? ಒಂದೇ ಉಸಿರಿಗಾ, ಬಿಟ್ಟು ಬಿಟ್ಟಾ? ಬಿಡಿಸಿ ಬರೆ. ಇದೇನು ಹುಚ್ಚು ಅನ್ನಬೇಡ, ಅಜ್ಜಿಯಾದವಳಿಗೆ ನೂರೆಂಟು ಆಸೆ.

ಕೆಂಡ ಇಡುತ್ತಿದ್ದೀಯಾ? ಅದನ್ನು ಬರೆದೇ ಇಲ್ಲ. ಸಿಟ್ಟು ನನ್ನ ಮೇಲೆ ಇರಲಿ, ಕೆಂಡದ ಮೇಲೆ ಬೇಡ. ಈಗ ಸೋಮಾರಿತನ ಮಾಡಿದರೆ ಮುಂದೆ ಸೊಂಟ ಹಿಡಿದುಕೊಂಡು ನನ್ನನ್ನೇ ಬೈಯುತ್ತೀಯ.

ನಾಳೆ ಶಿವರಾತ್ರಿ. ಇಲ್ಲಿ ಆಗಲೇ ಮಧ್ಯಾಹ್ನ ಸೆಕೆ ಶುರು. ನಿನ್ನ ಕಡೆಯೂ ಇನ್ನು ಕಡಿಮೆಯಾಗುತ್ತದೆ ನೋಡು.

ಅವ್ವ


ಕಿನ್ನೌರ್
2 ಮಾರ್ಚ್ 2025

ಅವ್ವ,

ನಿನ್ನ ಶಿವನಿಗೆ ಈ ಬೆಟ್ಟದ ವಿಳಾಸ ಗೊತ್ತಿಲ್ಲ. ಶಿವರಾತ್ರಿಯ ಹಿಂದಿನ ವಾರ ನಿಜವಾಗಿಯೂ ಬಿಸಿಲು ಬಂದಿತ್ತು. ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು, ದಾರಿಯೆಲ್ಲ ಕೆಸರು. ಅವ್ವ ಹೇಳಿದ ಹಾಗೇ ಆಯಿತು ಎಂದು ಎರಡು ರಜಾಯಿ ಒಗೆದುಬಿಟ್ಟೆ. ಮಣಿಯಮ್ಮ ತಲೆ ಚಚ್ಚಿಕೊಂಡರು. ಹಬ್ಬದ ಮಾರನೇ ದಿನದಿಂದ ಹಿಡಿದ ಹಿಮ ನೋಡು, ಇಡೀ ಚಳಿಗಾಲದಲ್ಲಿ ಇಷ್ಟು ಬಿದ್ದಿರಲಿಲ್ಲ. ರಜಾಯಿ ಎರಡೂ ಒದ್ದೆಯಾಗಿ ಗಟ್ಟಿ ಕಟ್ಟಿವೆ. ಕರೆಂಟಿಲ್ಲ, ಹೀಟರಿಲ್ಲ, ಫೋನಿಲ್ಲ. ರಸ್ತೆ ಮುಚ್ಚಿ ಯತೀಶರು ಸೈಟಿನಲ್ಲೇ ಸಿಕ್ಕಿಕೊಂಡಿದ್ದಾರೆ, ಯಾರ ಕೈಲೋ ಚೀಟಿ ಕಳಿಸಿದ್ದಾರೆ.

ಮಣಿಯಮ್ಮ ಕೆಳಗೆ ಬಾ, ತಮ್ಮ ಜೊತೆ ಮಲಗು ಅಂತ ಕರೆಯುತ್ತಾರೆ. ಅವರ ಅಡುಗೆಕೋಣೆಯಲ್ಲಿ ಬುಖಾರಿ ಎಂಬ ಕಬ್ಬಿಣದ ಒಲೆ ಇದೆ, ಹೊಗೆ ತಗಡಿನ ಪೈಪಿನಲ್ಲಿ ಆಚೆ ಹೋಗುತ್ತದೆ. ಆದರೆ ಅಲ್ಲಿ ಬಾಗಿಲು ತೆಗೆಯುತ್ತಾ ಹಾಕುತ್ತಾ ಜನ ಓಡಾಡುತ್ತಲೇ ಇರುತ್ತಾರೆ. ಬಾಣಂತಿ ಅಷ್ಟು ಗಾಳಿಯಲ್ಲಿ ಮಲಗುವುದಾ? ಬೇಡ ಅಂದೆ.

ನಿನ್ನ ಕಾಗದ ತೆಗೆದು ಇನ್ನೊಮ್ಮೆ ಓದಿ, ನೀನು ಹೇಳಿದ್ದನ್ನೆಲ್ಲ ಇವತ್ತು ಮಾಡಿದೆ. ಕಿಟಕಿಗೆ ಯತೀಶರು ಮೊದಲೇ ಪ್ಲಾಸ್ಟಿಕ್ ಹೊಡೆದಿದ್ದರು, ಸಂದಿಗೆಲ್ಲ ನಿನ್ನ ಸೀರೆ ತುರುಕಿದೆ. ನೀರು ಹಾಕಿಕೊಂಡು, ಕೆಳಗಿನ ಬುಖಾರಿಯಿಂದ ಕೆಂಡ ತಂದು ಮಂಚದ ಕೆಳಗಿಟ್ಟು ಸಾಂಬ್ರಾಣಿ ಹಾಕಿದೆ. ಮಣಿಯಮ್ಮನಿಗೆ ಇಷ್ಟವಾಗಲಿಲ್ಲ. ಕಿಟಕಿ ತೋರಿಸಿ, ಮೂಗು ಮುಚ್ಚಿ, ಕೈ ಆಡಿಸಿ ಏನೋ ಕೂಗಾಡಿದರು. ಸಾಂಬ್ರಾಣಿ ವಾಸನೆ ಹಿಡಿಸಲಿಲ್ಲವೋ, ಕೆಂಡ ಕೊಡಲು ಜಿಪುಣತನವೋ. ಅವರಿಗೇನು ಗೊತ್ತು ನಮ್ಮ ಬಾಣಂತನ? ತಲೆಯಾಡಿಸಿ ಬಾಗಿಲು ಹಾಕಿಕೊಂಡೆ.

ಅವ್ವ, ಕೋಣೆ ಥೇಟು ನಮ್ಮ ಒಳಮನೆಯ ಹಾಗಾಯಿತು. ಅದೇ ವಾಸನೆ, ಅದೇ ಬಿಸಿ. ಕಣ್ಣು ಮುಚ್ಚಿದರೆ ನೀನು ಅಲ್ಲೇ ಗೋಡೆಗೊರಗಿ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದೀಯ ಅನ್ನಿಸಿತು. ನಿನ್ನ ಮೇಲಿದ್ದ ಸಿಟ್ಟೂ ಇಳಿಯಿತು. ಕೆಂಡ ಸ್ವಲ್ಪವೇ ಇತ್ತು, ಬೇಗ ಆರಿಹೋಯಿತು. ಎದ್ದಾಗ ತಲೆ ಭಾರ, ಸಾಂಬ್ರಾಣಿ ಜಾಸ್ತಿಯಾಗಿರಬೇಕು. ನಾಳೆ ಬಾಂಡ್ಲಿ ತುಂಬ ತರುತ್ತೇನೆ.

ರಸ್ತೆ ತೆರೆದ ದಿನ ಇದನ್ನು ಪೋಸ್ಟ್ ಮಾಡುತ್ತೇನೆ.

ನಿನ್ನ
ಸುಕನ್ಯ


ಬಿಳಿಕೆರೆ
9 ಮಾರ್ಚ್ 2025

ಸುಕನ್ಯ,

ನಿನ್ನಿಂದ ಒಂದು ಸುದ್ದಿಯೂ ಇಲ್ಲ. ಟಿವಿಯಲ್ಲಿ ನಿನ್ನ ಕಡೆಯ ಬೆಟ್ಟ ತೋರಿಸಿದರು, ಬಸ್ಸು ಅರ್ಧ ಹೂತುಹೋಗಿತ್ತು. ನಾನು ಊಟದ ತಟ್ಟೆ ಪಕ್ಕಕ್ಕಿಟ್ಟು ಎದ್ದೆ.

ನಿನ್ನೆ ಕಿರಣನಿಗೆ ಫೋನು ಬಂತು. ಹಿಡಿದುಕೊಂಡು ಹಿತ್ತಿಲಿಗೆ ಹೋದ. ಒಳಗೆ ಬಂದಾಗ ಮುಖ ಸರಿಯಿರಲಿಲ್ಲ. ಯಾರದು ಅಂದರೆ ಹೊಗೆಸೊಪ್ಪಿನ ಮೂಟೆಗಳ ಕಡೆ ಕೈ ತೋರಿಸಿದ. ಮಾರ್ಕೆಟ್ಟಿನ ತಾಪತ್ರಯ ಅಂದುಕೊಂಡೆ. ಆದರೆ ಪ್ರಿಯಾಳೂ ಇವತ್ತು ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದಾಳೆ. ಯಾಕೋ ಜೀವ ಹೊಡೆದುಕೊಳ್ಳುತ್ತಿದೆ ಮಗಳೇ.

ಚೆನ್ನಾಗಿದ್ದೀವಿ ಅಂತ ಎರಡು ಸಾಲು ಬರೆ, ಸಾಕು. ಕೆಂಡ ಬಿಡಬೇಡ.

ಅವ್ವ


ಕಿನ್ನೌರ್
14 ಮಾರ್ಚ್ 2025

ಅವ್ವ,

ನಾವೆಲ್ಲ ಚೆನ್ನಾಗಿದ್ದೇವೆ. ನನಗೆ ಸ್ವಲ್ಪ ನೆಗಡಿ, ತಲೆನೋವು ಆಗಿತ್ತು. ಅದಕ್ಕೆ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಂದೆ. ಗಾಬರಿಯಾಗುವಂಥದ್ದಲ್ಲ.

ಈಗ ಚಳಿ ಕಡಿಮೆ. ಅದಕ್ಕೇ ಕೆಂಡ ಇಡುತ್ತಿಲ್ಲ. ಸಾಂಬ್ರಾಣಿ ಇನ್ನೂ ಇದೆ, ಮತ್ತೆ ಕಳಿಸಬೇಡ. ಮಣಿಯಮ್ಮನ ಅಡುಗೆಕೋಣೆಯಲ್ಲಿ ನಮಗೂ ಒಂದು ಮಂಚ ಹಾಕಿಕೊಟ್ಟಿದ್ದಾರೆ. ಬೆಳಗ್ಗೆ ಮತ್ತೆ ಹಿಮ ಬಿತ್ತು, ಬಾಗಿಲ ಮುಂದೆ ಯತೀಶರು ಸಲಿಕೆಯಲ್ಲಿ ದಾರಿ ಮಾಡುತ್ತಿದ್ದಾರೆ.

ಮಗಳು ಹೇಗೆ ಅಳುತ್ತಾಳೆ ಅಂತ ಕೇಳಿದ್ದೆಯಲ್ಲ, ಬರೆಯುತ್ತೇನೆ. ಮೊದಲು ಎರಡು ಸಲ ಕೆಮ್ಮುತ್ತಾಳೆ, ಜವರಯ್ಯ ಮಾವನ ಹಳೇ ಟ್ರ್ಯಾಕ್ಟರು ಚಳಿಗಾಲದಲ್ಲಿ ಸ್ಟಾರ್ಟ್ ಆಗುವಾಗಿನ ಹಾಗೆ. ನಿಂತೇಹೋಯಿತು ಅನ್ನುವಷ್ಟರಲ್ಲಿ ಹಿಡಿದುಕೊಳ್ಳುತ್ತದೆ. ಆಮೇಲೆ ಒಂದೇ ಸಮ, ಕೆಳಗಿನ ಮನೆಗೂ ಕೇಳುವ ಹಾಗೆ. ನಡುವೆ ಒಂದು ಸಲ ನಿಲ್ಲಿಸಿ, ಯಾರಾದರೂ ಬಂದರಾ ಅಂತ ನೋಡುತ್ತಾಳೆ. ಬರದಿದ್ದರೆ ಇನ್ನೂ ಜೋರು. ಹಟದಲ್ಲಿ ನಿನ್ನ ಮೊಮ್ಮಗಳೇ. ಅವಳು ಅತ್ತರೆ ನನಗೆ ಈಗ ಬೇಜಾರೇ ಆಗುವುದಿಲ್ಲ ಅವ್ವ. ಎಷ್ಟು ಬೇಕಾದರೂ ಅಳಲಿ.

ಸುಕನ್ಯ


ಬಿಳಿಕೆರೆ
24 ಮಾರ್ಚ್ 2025

ನನ್ನ ಕಂದ,

ಚಳಿ ಕಡಿಮೆ ಅಂತ ಬರೆದ ಕೈಯಲ್ಲೇ, ಬೆಳಗ್ಗೆ ಹಿಮ ಬಿತ್ತು ಅಂತ ಬರೆದಿದ್ದೀಯ. ಸುಳ್ಳು ಹೇಳಲು ಚಿಕ್ಕಂದಿನಿಂದಲೂ ನಿನಗೆ ಬರಲಿಲ್ಲ.

ನನಗೆ ಎಲ್ಲಾ ಗೊತ್ತಾಗಿದೆ. ನಿನ್ನ ಈ ಕಾಗದ ಬರುವ ಮುಂಚೆ, ನಾನು ಇನ್ನೊಂದು ಪಾರ್ಸೆಲ್ ಕಟ್ಟುತ್ತಿದ್ದೆ. ಸಾಂಬ್ರಾಣಿ, ಜೊತೆಗೆ ಒಂದು ಚೀಲ ಚಿಪ್ಪಿನ ಇದ್ದಿಲು. ಪ್ರಿಯಾ ಬಂದು ಚೀಲ ಕಿತ್ತುಕೊಂಡಳು. ನಾನು ಬೈದೆ. ಅವಳು ಚಂದುವಿನ ಸ್ಲೇಟು ತಂದು ಬರೆದು ಮುಖಕ್ಕೆ ಹಿಡಿದಳು: "ಅತ್ತೆ, ಕಳಿಸಬೇಡಿ. ಕೆಂಡದ ಗಾಳಿಗೆ ಸುಕನ್ಯ ಎಚ್ಚರ ತಪ್ಪಿ ಆಸ್ಪತ್ರೆಯಲ್ಲಿದ್ದರು."

ಮೂರು ಸಲ ಓದಿದೆ. ನನ್ನ ಕೈಯಾರೆ ಬರೆದು, ಅಕ್ಷರ ಬಿಡದೆ ಮಾಡು ಅಂತ ಹೇಳಿ, ನಿನಗೆ ಬೆಂಕಿ ಕಳಿಸಿದೆ. ಕೆಂಡ ಬಿಡಬೇಡ ಅಂತ ಆಮೇಲೆ ಮತ್ತೂ ಬರೆದೆ. ಆಗ ನೀನು ಅದರಿಂದ ಎದ್ದು ಕೂತಿದ್ದೆ. ಅಷ್ಟಾದರೂ ನನಗೆ ಒಂದು ಮಾತು ಅನ್ನಲಿಲ್ಲವಲ್ಲೇ. ನಮ್ಮ ಮನೆಯನ್ನು ಎಷ್ಟು ಮುಚ್ಚಿದರೂ ಮೇಲೆ ಹೆಂಚಿನ ಸಂದಿ ತೆರೆದೇ ಇರುತ್ತದೆ. ಅಲ್ಲಿ ತಾರಸಿ. ಕಿಟಕಿಗೆ ಪ್ಲಾಸ್ಟಿಕ್ಕು ಹೊಡೆದದ್ದು, ಹಿಮದಿಂದ ತಡವಾಗಿ ಬಂದ ನಿನ್ನ ಕಾಗದದಲ್ಲಿತ್ತು. ಹೊಗೆಸೊಪ್ಪನ್ನು ಬಿಸಿಗೆ ಒಣಗಿಸುವ ಗೂಡಿಗೂ ಗಾಳಿ ಬಿಡುವ ಕಿಂಡಿ ಇಟ್ಟಿರುತ್ತಾರೆ. ಮದುವೆಯಾದಾಗಿನಿಂದ ಆ ಕಿಂಡಿ ನೋಡುತ್ತಿದ್ದೇನೆ. ನನ್ನ ಮಗಳ ಕೋಣೆಗೆ ಅದು ಬೇಕು ಅಂತ ಹೊಳೆಯಲಿಲ್ಲ.

ಸ್ಲೇಟಿನಲ್ಲಿ ಯಾಕೆ ಬರೆದಳು ಅಂತ ನಿನಗೆ ಅನ್ನಿಸಬಹುದು. ಅದನ್ನೂ ಹೇಳಿಬಿಡುತ್ತೇನೆ. ನನಗೆ ಕಿವಿ ಕೇಳುವುದಿಲ್ಲ ಸುಕನ್ಯ. ಮೊದಲು ಮಂದವಿತ್ತು, ಕಳೆದ ಗೌರಿ ಹಬ್ಬದಿಂದೀಚೆಗೆ ಪೂರ್ತಿ ಹೋಯಿತು. ಮನೆಯವರು ಸ್ಲೇಟಿನಲ್ಲಿ ಬರೆದು ತೋರಿಸುತ್ತಾರೆ, ಹೊರಗಿನವರದು ತುಟಿ ನೋಡಿ ಅಂದಾಜು ಮಾಡುತ್ತೇನೆ. ಫೋನಿಗೆ ತುಟಿ ಇಲ್ಲ. ಅದಕ್ಕೇ "ಆಯ್ತು ಬುಡು". ತವರೇ ನಿನ್ನ ಹತ್ತಿರ ಬರುತ್ತದೆ ಅಂದ ದಿನ ಮಾತ್ರ ಡಾಕ್ಟರು ಹೇಳಿದ್ದನ್ನು ಪ್ರಿಯಾ ಸ್ಲೇಟಿನಲ್ಲಿ ಬರೆದು ತೋರಿಸಿದ್ದಳು. ನಿನಗೆ ಹೇಳಬಾರದೆಂದು ಕಿರಣನಿಂದಲೂ ಪ್ರಿಯಾಳಿಂದಲೂ ಆಣೆ ಹಾಕಿಸಿಕೊಂಡಿದ್ದೆ. ಬಸುರಿ, ಚಿಂತೆ ಮಾಡುತ್ತೀಯ ಅಂತ.

ಹೊಗೆಸೊಪ್ಪು ಅಡ್ಡ ಬರಲಿಲ್ಲ. ಪ್ರಿಯಾ ಅವಳಷ್ಟಕ್ಕೇ ಎಲ್ಲ ನಿಭಾಯಿಸುತ್ತಾಳೆ. "ಹೋಗ್ಬನ್ನಿ ಅತ್ತೆ" ಅಂತ ಸ್ಲೇಟು ತುಂಬ ಬರೆದಳು. ನಾನೇ ಹೆದರಿದೆ. ಹಸುಗೂಸು ಅತ್ತರೆ ಕೇಳದವಳು ಬಾಣಂತನಕ್ಕೆ ಬಂದು ಏನು ಮಾಡಲಿ? ನೀನು ನನ್ನನ್ನು ನಂಬಿ ಕಣ್ಣು ಮುಚ್ಚಿರುತ್ತೀಯ, ಮಗು ಕಿರುಚುತ್ತಿರುತ್ತದೆ, ನಾನು ಪಕ್ಕದಲ್ಲೇ ಕಂಬದ ಹಾಗೆ ಕೂತಿರುತ್ತೇನೆ. ಅದನ್ನು ನೆನೆಸಿಕೊಂಡು ಹಿಂದೆ ಸರಿದೆ.

ಕಿರಣ ಫೋನು ಹಾಕಿದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ, ಏನೂ ಕೇಳಲಿಲ್ಲ. ಜವರಯ್ಯನ ಟ್ರ್ಯಾಕ್ಟರು ಅಂತ ಬರೆದಿದ್ದೀಯಲ್ಲ, ಅದೇ ನಾನು ಕೇಳಿದ ನನ್ನ ಮೊಮ್ಮಗಳ ಅಳು. ಕಾಗದ ಸೆರಗಿಗೆ ಕಟ್ಟಿಕೊಂಡಿದ್ದೇನೆ.

ಕೆಂಡದ ಕಾಗದ ಇನ್ನೂ ಇದ್ದರೆ ಒಲೆಗೆ ಹಾಕು. ಕ್ಷಮಿಸು ಅಂತ ಮಗಳಿಗೆ ಹೇಗೆ ಬರೆಯುವುದೋ ಗೊತ್ತಿಲ್ಲ, ಆದರೂ ಬರೆದಿದ್ದೇನೆ.

ಅವ್ವ


ಕಿನ್ನೌರ್
2 ಏಪ್ರಿಲ್ 2025

ಅವ್ವ,

ಕಾಗದ ಓದಿ ಮಣಿಯಮ್ಮನ ಅಡುಗೆಕೋಣೆಯಲ್ಲಿ ಕೂತು ಗೊಳೋ ಅಂತ ಅತ್ತೆ. ಅವರು ಗಾಬರಿಯಾಗಿ ಚಹಾ ಮಾಡಿಕೊಟ್ಟರು, ಉಪ್ಪು ಹಾಕಿದ ಚಹಾ. ಕುಡಿದು ಇನ್ನೂ ಅತ್ತೆ.

ಈಗ ಎಲ್ಲಾ ಹೇಳುತ್ತೇನೆ, ಒಂದೂ ಬಚ್ಚಿಡುವುದಿಲ್ಲ. ಮಾರ್ಚ್ ಮೂರನೇ ತಾರೀಕು ಮಧ್ಯಾಹ್ನ. ಬಾಂಡ್ಲಿ ತುಂಬ ಕೆಂಡ ತಂದು, ನೀರು ಹಾಕಿಕೊಂಡು ಮಲಗಿದೆ. ತಲೆ ನೋಯುತ್ತಿತ್ತು. ಏಳೋಣ ಅನ್ನಿಸಿತು, ಕಾಲು ಕೇಳಲಿಲ್ಲ. ಅಷ್ಟೇ ನೆನಪು. ಕಣ್ಣು ಬಿಟ್ಟಾಗ ಮೇಲೆ ಬರೀ ಆಕಾಶ, ಬೆನ್ನ ಕೆಳಗೆ ಹಿಮ. ಮಣಿಯಮ್ಮ ನನ್ನನ್ನು ಎಳೆದುಕೊಂಡು ಬಂದು ಹೊರಗಿನ ಹಿಮದ ಮೇಲೆ ಮಲಗಿಸಿ ಕೆನ್ನೆಗೆ ಹೊಡೆಯುತ್ತಿದ್ದರು. ಬಾಣಂತಿಗೆ ಸೂಜಿಯಷ್ಟು ಗಾಳಿಯೂ ತಗುಲಬಾರದು ಅಂತ ಬರೆದಿದ್ದೆ ನೋಡು, ನಿನ್ನ ಮಗಳು ಹಿಮದ ಮೇಲೆ ಬಿದ್ದುಕೊಂಡು ಬದುಕಿದಳು. ಪ್ರತಿವರ್ಷ ಚಳಿಗಾಲದಲ್ಲಿ ಹೊರಗಿನಿಂದ ಬಂದವರು ಹೀಗೆ ಕೋಣೆ ಮುಚ್ಚಿಕೊಂಡು ಸಾಯುತ್ತಾರಂತೆ. ಅವರು ಹಿಂದಿನ ದಿನ ಮೂಗು ಮುಚ್ಚಿ ಕೂಗಾಡಿದ್ದು ಅದನ್ನೇ. ನಾನು ಜಿಪುಣಿ ಅಂದುಕೊಂಡಿದ್ದೆ.

ಅವರು ಮೇಲೆ ಬಂದದ್ದು ಮಗು ಅತ್ತದ್ದಕ್ಕೆ. ನಿಲ್ಲಿಸದೆ ಅಳುತ್ತಿದೆ, ತಾಯಿ ಯಾಕೆ ಎತ್ತಿಕೊಳ್ಳುತ್ತಿಲ್ಲ ಅಂತ ಹತ್ತಿ ಬಂದರಂತೆ. ನೀನು ಹೇಳಿದ್ದನ್ನೆಲ್ಲ ಮಾಡಿದ್ದೆ ಅವ್ವ, ಒಂದನ್ನು ಬಿಟ್ಟು. ಕೋಣೆಯಲ್ಲಿ ಇದ್ದದ್ದೇ ಒಂದು ಕೊಕ್ಕೆ, ಅದು ಬಾಗಿಲ ಪಕ್ಕ. ತೊಟ್ಟಿಲು ಅಲ್ಲೇ ಕಟ್ಟಿದ್ದೆ. ಸೀರೆ ತುರುಕಿದ್ದರೂ ಬಾಗಿಲ ಸಂದಿಯಿಂದ ನುಸುಳಿದ ಗಾಳಿ ಕುಡಿದುಕೊಂಡು ನಿನ್ನ ಮೊಮ್ಮಗಳು ಇಬ್ಬರ ಪಾಲಿನದೂ ಅತ್ತಳು. ಅವಳಿಗೆ ಏನೂ ಆಗಿಲ್ಲ. ನನಗೂ ಈಗ ಏನಿಲ್ಲ, ಡಾಕ್ಟರು ಮತ್ತೆ ನೋಡಿ ಹೇಳಿದ್ದಾರೆ.

ಅಕ್ಕಪಕ್ಕದವರು ಹಿಮದಲ್ಲೇ ಹೊತ್ತುಕೊಂಡು ಹೋಗಿ ಆಸ್ಪತ್ರೆ ಸೇರಿಸಿದರಂತೆ. ಅಲ್ಲಿ ಮಲಗಿದ್ದಾಗ ನಿನ್ನ ಮೇಲೆ ತುಂಬಾ ಸಿಟ್ಟು ಬಂತು. ಕೆಂಡಕ್ಕಲ್ಲ. ನೀನು ಬಂದಿದ್ದರೆ ಇದಾಗುತ್ತಿರಲಿಲ್ಲ, ನಿನಗೆ ನನಗಿಂತ ಹೊಗೆಸೊಪ್ಪು ಹೆಚ್ಚಾಯಿತು ಅಂತ. ನಿನ್ನ "ಆಯ್ತು ಬುಡು" ನೆನೆಸಿಕೊಂಡು ಹಲ್ಲು ಕಡಿದೆ. ನಿನಗೆ ಕೇಳಿಸುತ್ತಿಲ್ಲ ಅನ್ನುವುದು ಒಂದು ಸಲವೂ ತಲೆಗೆ ಬರಲಿಲ್ಲವಲ್ಲ. ಫೋನಿನಲ್ಲಿ ನಾನು ಅತ್ತದ್ದೂ ನಿನಗೆ ಕೇಳಿರಲಿಲ್ಲ. ಅದನ್ನು ತಿಳಿದುಕೊಳ್ಳದ ನಾನು ಎಂಥ ಮಗಳು?

ಇನ್ನು ಕ್ಷಮೆ ಗಿಮೆ ಸಾಕು. ಕೇಳು. ಅಲ್ಲ, ಓದು. ಮಗು ಅತ್ತರೆ ಕೇಳಿಸಿಕೊಳ್ಳಲು ಇಲ್ಲಿ ನಾನಿದ್ದೇನೆ, ಯತೀಶರಿದ್ದಾರೆ, ಮಣಿಯಮ್ಮನಂತೂ ಇದ್ದೇ ಇದ್ದಾರೆ. ಕಿವಿಗೆ ಬರವಿಲ್ಲ. ನನಗೆ ಬೇಕಾಗಿರುವುದು ನಿನ್ನ ಕೈ. ನನ್ನ ಬೆನ್ನಿಗೆ ನೀರು ಹಾಕಬೇಕು, ನನಗೆ ನಿನ್ನ ಕೈಯ ಮುದ್ದೆ ಬೇಕು. ಬಾ ಅವ್ವ.

ಯುಗಾದಿಗೆ ಇಲ್ಲಿ ಬೇವು ಸಿಗಲಿಲ್ಲ. ಹಬ್ಬದ ದಿನ ಮಣಿಯಮ್ಮನ ತೋಟದಲ್ಲಿ ಚುಲ್ಲಿ ಎನ್ನುವ ಏಪ್ರಿಕಾಟ್ ಮರ ಹೂ ಬಿಟ್ಟಿತ್ತು, ತಿಳಿಗುಲಾಬಿ ಬಣ್ಣ. ಮಾರನೇ ದಿನ ಅದರ ಮೇಲೇ ಹಿಮ ಬಿತ್ತು. ಎಲ್ಲಾ ಹೋಯಿತು ಅಂತ ಮರುಗಿದೆ. ಮಣಿಯಮ್ಮ ಕೋಲು ತೆಗೆದುಕೊಂಡು ಕೊಂಬೆ ಕೊಂಬೆ ತಟ್ಟಿ ಹಿಮ ಉದುರಿಸಿದರು. ಹೂ ಹಾಗೇ ಇವೆ.

ನಿನ್ನ
ಸುಕನ್ಯ


ಬಿಳಿಕೆರೆ
12 ಏಪ್ರಿಲ್ 2025

ಮಗಳೇ,

ಬರುತ್ತಿದ್ದೇನೆ. ಕಿರಣ ಚಂಡೀಗಢದವರೆಗೆ ಜೊತೆಗೆ ಬರುತ್ತಾನೆ, ಅಲ್ಲಿಗೆ ಯತೀಶನನ್ನು ಕಳಿಸು. ಪ್ರಿಯಾ ಒಂದು ರಟ್ಟಿನ ಮೇಲೆ ಹಿಂದಿಯಲ್ಲಿ, ನನಗೆ ಕಿವಿ ಕೇಳುವುದಿಲ್ಲ, ದಯವಿಟ್ಟು ಬರೆದು ತೋರಿಸಿ ಅಂತ ಬರೆದು ದಾರ ಕಟ್ಟಿದ್ದಾಳೆ. ಮೊದಲು ಬ್ಯಾಗಿನ ತಳಕ್ಕೆ ಹಾಕಿದ್ದೆ. ಈಗ ಕೊರಳಿಗೆ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ಊರೆಲ್ಲ ನೋಡಿ ಆಯಿತು, ಇನ್ನೇನು ನಾಚಿಕೆ. ಅವರು ಬರೆಯುವುದು ಹಿಂದಿಯಲ್ಲಿ, ನನಗೆ ಓದಲು ಬರುವುದು ಕನ್ನಡ. ಅದು ಪ್ರಿಯಾಗೆ ಇನ್ನೂ ಹೊಳೆದಿಲ್ಲ, ನಾನೂ ಹೇಳಿಲ್ಲ. ಪಾಪ, ಅಕ್ಷರ ಮುದ್ದಾಗಿ ಬರೆದಿದ್ದಾಳೆ.

ಕಿವಿಗೆ ಬರವಿಲ್ಲ ಅಂತ ನೀನು ಬರೆದರೂ ನನಗೆ ಧೈರ್ಯ ಬರಲಿಲ್ಲ. ಅದಕ್ಕೆ ಪರೀಕ್ಷೆ ಮಾಡಿಕೊಂಡೆ. ಸುಂದ್ರಮ್ಮನ ಮಗಳು ಬಾಣಂತನಕ್ಕೆ ಬಂದಿದ್ದಾಳಲ್ಲ, "ಒಂದ್ ಮಧ್ಯಾನ ಕೂಸ್ನ ನಂಗ್ ಕೊಡ್ರವ್ವ" ಅಂತ ಕೇಳಿದೆ. ನಮ್ಮ ಒಳಮನೆಯಲ್ಲಿ ಕೂಸನ್ನು ಎದೆಯ ಮೇಲೆ ಹಾಕಿಕೊಂಡು ಕಣ್ಣು ಮುಚ್ಚಿ ಮಲಗಿದೆ. ಸುಂದ್ರಮ್ಮ ಪಡಸಾಲೆಯಲ್ಲಿ ಕೂತಿದ್ದಳು. ಬಾಯಿ ತೆಗೆಯುವ ಮೊದಲೇ ಕೂಸಿನ ಹೊಟ್ಟೆ ಬಿಗಿಯಾಗುತ್ತದೆ ಸುಕನ್ಯ. ಆಮೇಲೆ ಬೆನ್ನು ನಡುಗುತ್ತದೆ, ಆಮೇಲೆ ಅಳು. ಅದು ಅಳುವ ಹೊತ್ತಿಗೆ ನಾನು ಎತ್ತಿಕೊಂಡು ಕೂತಾಗಿತ್ತು. ಎರಡು ಕಿವಿ ಇಟ್ಟುಕೊಂಡ ಸುಂದ್ರಮ್ಮ ನನ್ನ ಹಿಂದೆ ಬಂದಳು. ಮೂರು ಮಧ್ಯಾಹ್ನ ನೋಡಿದೆ, ಒಂದು ಸಲವೂ ತಪ್ಪಲಿಲ್ಲ. ಖುಷಿಗೆ ಆ ಕೂಸನ್ನು ಹಿಡಿದುಕೊಂಡು ನಾನೇ ಅತ್ತುಬಿಟ್ಟೆ.

ಮುದ್ದೆಗೆ ಹಿಟ್ಟು ಬೀಸಿಸಿದ್ದೇನೆ. ಮಣಿಯಮ್ಮನಿಗೆ ಒಂದು ರೇಷ್ಮೆ ಸೀರೆ. ಅವರು ಸೀರೆ ಉಡುವುದಿಲ್ಲ ಅಂತ ಗೊತ್ತು, ಇಟ್ಟುಕೊಳ್ಳಲಿ. ಬೇವಿನ ಸೊಪ್ಪನ್ನೂ ಒಣಗಿಸಿ ತರುತ್ತಿದ್ದೇನೆ, ನಿನ್ನ ಯುಗಾದಿ ಬಾಕಿ ಇದೆ. ಸಾಂಬ್ರಾಣಿ ತರುತ್ತಿಲ್ಲ. ಚಳಿ ಇದ್ದರೂ ಕಿಟಕಿ ಒಂದು ಬೆರಳಿನಷ್ಟು ತೆಗೆದೇ ಇಟ್ಟಿರು.

ಇನ್ನೊಂದು ಮಾತು. ಬಂದು ಬಾಗಿಲು ತಟ್ಟುತ್ತೇನೆ. ಒಳಗಿನಿಂದ "ಬಂದೆ ಕಣವ್ವ" ಅಂತ ಕೂಗಬೇಡ, ನನಗೆ ಕೇಳುವುದಿಲ್ಲ. ಮಗುವನ್ನು ಎತ್ತಿಕೊಂಡು ಎದ್ದು ಬಂದು ತೆಗಿ.

ಅವ್ವ